ದೊರೆಯ ತುಟಿಗೆ ಬೂಟ್ ಪಾಲಿಷ್ ಹಚ್ಚಿದವನು ನಾನೇ!

ಸಕಲೇಶಪುರದ ಹತ್ತಿರ ಒಂದು ಹಳೇ ಬಂಗಲೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಕಾಫಿ ತೋಟದ ಬಿಳಿ ದೊರೆಯ ಕೋಣೆ, 1940ರ ಸುಮಾರಿನ ಕತೆ. ದೊರೆ ಪಾತ್ರದ ಹಿರಿಯ ನಟರು ಬೆತ್ತದ ಕುರ್ಚಿಯಲ್ಲಿ ಕೂತು, ಪೈಪು ಕಚ್ಚಿಕೊಂಡು, ಎದುರು ನಿಂತ ರೈಟರನ್ನು ದುರುಗುಟ್ಟಿ ನೋಡಬೇಕು. ಕ್ಯಾಮೆರಾ ಮೆಲ್ಲಗೆ ಮುಖದ ಹತ್ತಿರ ಹೋಗಬೇಕು. ದೊರೆ ಪೈಪನ್ನು ಬಾಯಿಂದ ತೆಗೆದು ಒಂದೇ ಒಂದು ಮಾತು ಹೇಳಬೇಕು. ಅಷ್ಟೇ ಶಾಟು.

ಕ್ಯಾಮೆರಾ ಹೋಯಿತು. ದೊರೆ ಪೈಪು ತೆಗೆದರು. ಮಾನಿಟರ್ ಮುಂದಿದ್ದ ನಿರ್ದೇಶಕರು ಒಮ್ಮೆ ಕಣ್ಣುಜ್ಜಿಕೊಂಡರು. ಆಮೇಲೆ ‘ಕಟ್’ ಎಂದು ಕೂಗಿದರು.

ದೊರೆಯ ತುಟಿ ಇದ್ದಿಲಿನಷ್ಟು ಕಪ್ಪು! ಅಂಟಿಸಿದ್ದ ಬಿಳಿ ಮೀಸೆಯ ಅಂಚೂ ಕಪ್ಪು. ಲೈಟ್ ಹುಡುಗನೊಬ್ಬ ಕಿಸಕ್ಕೆಂದು ನಕ್ಕ. ಹಿರಿಯ ನಟರು ನಾಲಿಗೆ ಚಪ್ಪರಿಸಿ, ಥೂ ಎಂದು ಉಗಿದು, ಪೈಪನ್ನು ನೆಲಕ್ಕೆ ಎಸೆದು ಒಂದು ಮಾತು ಕೇಳಿದರು: “ಯಾವನಯ್ಯಾ ಇದಕ್ಕೆ ಬೂಟ್ ಪಾಲಿಷ್ ಹಾಕಿದೋನು?”

ಗೆಳೆಯರೇ, ಆ ನಟರ ಹೆಸರು ನಾನು ಬರೆಯೋದಿಲ್ಲ. ಬರೆದರೆ ಮುಂದಿನ ವಾರ ನನಗೆ ಈ ಪುಟ ಸಿಗಲಿಕ್ಕಿಲ್ಲ. ಆದರೆ ಅವರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಅವತ್ತು ಹೇಳಲಿಲ್ಲ. ಇವತ್ತು, ಏಳು ವರ್ಷ ಆದಮೇಲೆ, ನಿಮ್ಮ ಮುಂದೆ ಹೇಳ್ತಾ ಇದ್ದೀನಿ. ಹಾಕಿದೋನು ನಾನು.

ಟ್ರಂಕಣ್ಣನ ಟ್ರಂಕು

ನನ್ನ ಊರು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪಿನ ಸೀಮೆ. ಅಪ್ಪನಿಗೆ ಮೂರು ಎಕರೆ ಜಮೀನು, ಒಂದು ಬ್ಯಾರನ್ನು. ನನಗೆ ಸಿನಿಮಾ ಹುಚ್ಚು. ಎರಡನೇ ಪಿಯುಸಿ ಪರೀಕ್ಷೆಗೆ ಇನ್ನೆರಡು ತಿಂಗಳಿದೆ ಅನ್ನುವಾಗ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಬಸ್ಸು ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದವನು ನಾನು. ಅಪ್ಪ ಬೈಯಲಿಲ್ಲ. ಫೋನಿನಲ್ಲಿ ಒಂದೇ ಮಾತು: “ಅರ್ಧ ಬೆಂದ ಸೊಪ್ಪು ಆದಲ್ಲೋ ಮಗ.” ಬ್ಯಾರನ್ ನೋಡಿದವರಿಗೆ ಆ ಮಾತಿನ ಉರಿ ಗೊತ್ತು. ಸೊಪ್ಪು ಮೊದಲು ನಿಧಾನವಾಗಿ ಹಳದಿಗೆ ತಿರುಗಬೇಕು. ಆಮೇಲೆ ಎಲೆ ಒಣಗಬೇಕು, ಕಡೆಗೆ ದಂಟು ಒಣಗಬೇಕು. ವಾರದ ಹತ್ತಿರದ ಕೆಲಸ. ಅವಸರಕ್ಕೆ ಬಿದ್ದು ಮೊದಲ ದಿನವೇ ಉರಿ ಏರಿಸಿದರೆ ಎಲೆ ಹಸಿರಾಗೇ ನಿಂತುಬಿಡುತ್ತೆ. ಆಮೇಲೆ ಏನು ಮಾಡಿದರೂ ಹಳದಿ ಬರೋದಿಲ್ಲ. ಹರಾಜಿನಲ್ಲಿ ಅದನ್ನು ಕೇಳೋರೂ ಇಲ್ಲ.

ಗಾಂಧಿನಗರದಲ್ಲಿ ಆರು ತಿಂಗಳು ಅಲೆದೆ. ಹೀರೋ ಆಗೋದಕ್ಕೆ ಬಂದವನು ಕಡೆಗೆ ಪ್ರಾಪರ್ಟಿ ವಿಭಾಗದಲ್ಲಿ ಸಾಮಾನು ಹೊರುವ ಹುಡುಗನಾದೆ. ಅಲ್ಲಿ ಸಿಕ್ಕವರು ಟ್ರಂಕಣ್ಣ. ನಿಜ ಹೆಸರು ಬೇರೆ, ಯೂನಿಟ್ಟಿಗೆಲ್ಲ ಟ್ರಂಕಣ್ಣ. ಎಪ್ಪತ್ತರ ಹತ್ತಿರದ ವಯಸ್ಸಾದರೂ ಅಣ್ಣನೇ. ಕನ್ನಡ ಚಿತ್ರಗಳೆಲ್ಲ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಹುಡುಗನಾಗಿ ಸೇರಿದವರು. ಅವರ ಹತ್ತಿರ ಮೂರು ತಗಡಿನ ಟ್ರಂಕು. ಒಂದರಲ್ಲಿ ಕನ್ನಡಕ, ಗಡಿಯಾರ, ಉಂಗುರ. ಇನ್ನೊಂದರಲ್ಲಿ ಚಾಕು, ಪಿಸ್ತೂಲು, ಬೇಡಿ. ಮೂರನೆಯದರಲ್ಲಿ ಊರುಗೋಲಿನ ಹಿಡಿ, ಸಿಗರೇಟ್ ಡಬ್ಬಿ, ನಾಲ್ಕು ಪೈಪು.

“ಪೈಪು ಅಂದ್ರೆ ಹೊಗೆ ಬಿಡೋದಕ್ಕಲ್ಲ ಮರಿ, ಯೋಚನೆ ಮಾಡೋದಕ್ಕೆ” ಅನ್ನುತ್ತಿದ್ದರು ಟ್ರಂಕಣ್ಣ. “ಸಿಗರೇಟು ಸೇದೋನು ಅವಸರದೋನು. ಪೈಪು ಹಿಡಿದೋನಿಗೆ ಟೈಮಿದೆ ಅಂತ ಪ್ರೇಕ್ಷಕನಿಗೆ ಗೊತ್ತಾಗುತ್ತೆ. ಅದಕ್ಕೇ ಪತ್ತೇದಾರನಿಗೂ ಪೈಪು, ವಿಲನ್ನಿಗೂ ಪೈಪು, ಮಗಳ ಮದುವೆಗೆ ಒಪ್ಪದ ಶ್ರೀಮಂತ ಅಪ್ಪನಿಗೂ ಪೈಪು.”

ಮಾತು ನಿಜ ನೋಡಿ. ಹಿಂದಿಯ ಕೆ.ಎನ್. ಸಿಂಗ್ ಅಂದರೆ ಸೂಟು, ಎತ್ತಿದ ಹುಬ್ಬು, ಪೈಪು ಕಣ್ಣಮುಂದೆ ಬರುತ್ತೆ. ಷರ್ಲಾಕ್ ಹೋಮ್ಸ್ ಅಂದರೆ ಬಾಗಿದ ಪೈಪು. ಆದರೆ ಕಾನನ್ ಡಾಯ್ಲ್ ಬರೆದ ಕತೆಗಳಲ್ಲಿ ಹೋಮ್ಸ್ ಸೇದೋದು ಮಣ್ಣಿನ ಪೈಪು, ಬ್ರಯರ್ ಪೈಪು, ಚೆರ್ರಿ ಮರದ ಪೈಪು. ಆ ದೊಡ್ಡ ಬಾಗಿದ ಪೈಪು ನಾಟಕ-ಸಿನಿಮಾದವರ ಕಾಣಿಕೆ. 1899ರಲ್ಲಿ ರಂಗದ ಮೇಲೆ ಹೋಮ್ಸ್ ಆದ ಅಮೆರಿಕದ ನಟ ವಿಲಿಯಂ ಜಿಲೆಟ್ ಬಾಗಿದ ಪೈಪು ಹಿಡಿದರು, ಅದೇ ರೂಢಿಗೆ ಬಂತು ಅಂತ ಹೇಳುತ್ತಾರೆ. 1916ರಲ್ಲಿ ಅವರು ಹೋಮ್ಸ್ ಆಗಿ ನಟಿಸಿದ ಮೂಕಿ ಚಿತ್ರ ಕಳೆದೇಹೋಯಿತು ಅಂತ ಎಲ್ಲರೂ ತಿಳಿದಿದ್ದರು. 2014ರಲ್ಲಿ ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾನ್ಸೇಸ್‌ನ ಉಗ್ರಾಣದಲ್ಲಿ ಡಬ್ಬಿ ಸಿಕ್ಕಿತು!

ಅದೇ ಪ್ಯಾರಿಸ್ಸಿನ ಇನ್ನೊಂದು ತಮಾಷೆ. ಫ್ರೆಂಚ್ ಹಾಸ್ಯ ನಟ ಜಾಕ್ ತತಿಯ ‘ಮಿಸ್ಟರ್ ಹೂಲೋ’ ಪಾತ್ರದ ಬಾಯಲ್ಲಿ ಯಾವಾಗಲೂ ಪೈಪು. 2009ರಲ್ಲಿ ತತಿಯ ಬಗ್ಗೆ ಒಂದು ಪ್ರದರ್ಶನ ನಡೆದಾಗ, ತಂಬಾಕಿನ ಜಾಹೀರಾತು ಕೂಡದು ಅನ್ನುವ ಕಾನೂನಿಗೆ ಹೆದರಿ, ಮೆಟ್ರೋ ನಿಲ್ದಾಣದ ಪೋಸ್ಟರಿನಲ್ಲಿ ಪೈಪು ತೆಗೆದು ಮಕ್ಕಳು ಆಡುವ ಕಾಗದದ ಗಿರಗಿಟ್ಟೆ ಅಂಟಿಸಿದರು. ನಮ್ಮಲ್ಲಿ 2012ರ ಅಕ್ಟೋಬರಿನಿಂದ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಬರುತ್ತೆ. ಬರಬೇಕಾದ್ದೇ ಬಿಡಿ. ಪೈಪಿನ ಹೊಗೆಯೂ ಬಾಯಿಗೆ, ತುಟಿಗೆ ಕ್ಯಾನ್ಸರ್ ತರುತ್ತೆ. ಹೊಗೆಸೊಪ್ಪಿನ ನಡುವೆ ಹುಟ್ಟಿದ ನಾನು ಒಂದು ದಿನವೂ ಸೇದಿದವನಲ್ಲ. ಈ ಲೇಖನ ಹೊಗೆಯ ಬಗ್ಗೆ ಅಲ್ಲವೇ ಅಲ್ಲ. ಬಾಯಿಗಿಟ್ಟುಕೊಳ್ಳುತ್ತಾರಲ್ಲ, ಆ ಕರಿ ಕೊಳವೆಯ ಬಗ್ಗೆ.

ಕಪ್ಪು ಹಸಿರಾಗೋದು ಯಾಕೆ?

ಸಕಲೇಶಪುರದ ಶೂಟಿಂಗಿಗೆ ನಾಲ್ಕು ದಿನ ಇರುವಾಗ ಟ್ರಂಕಣ್ಣ ಒಂದು ಪೈಪನ್ನು ಬಟ್ಟೆಯಿಂದ ಬಿಚ್ಚಿದರು. ಮದ್ರಾಸಿನ ಮೂರ್ ಮಾರ್ಕೆಟ್‌ನಲ್ಲಿ ಕೊಂಡದ್ದಂತೆ. ಆ ಮಾರ್ಕೆಟ್ಟು 1985ರಲ್ಲಿ ಸುಟ್ಟುಹೋಯಿತು, ಪೈಪು ಉಳಿಯಿತು. ಮರದ ಬಟ್ಟಲು ಚೆನ್ನಾಗಿತ್ತು. ಕೊಳವೆ ನೋಡಿದರೆ ವಾಂತಿ ಬರಬೇಕು. ಪಾಚಿ ಕಟ್ಟಿದ ಹಾಗೆ ಹಸಿರು-ಕಂದು, ಮೇಲೆ ಹಲ್ಲಿನ ಗುರುತು, ಕೊಳೆತ ಮೊಟ್ಟೆಯಂಥ ವಾಸನೆ.

“ಇದು ಕೊಳೆ ಅಲ್ಲ ಮರಿ, ಇದು ಗಂಧಕ” ಅಂದರು ಟ್ರಂಕಣ್ಣ.

ನಾನು ಪ್ಲಾಸ್ಟಿಕ್ ಅಂದುಕೊಂಡಿದ್ದೆ. ಅಲ್ಲ, ರಬ್ಬರು! ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಯಾಗುತ್ತೆ ಅಂತ 1839ರಲ್ಲಿ ಕಂಡುಹಿಡಿದವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಟೈರಿನ ರಬ್ಬರಿಗೆ ಗಂಧಕ ನೂರಕ್ಕೆ ಎರಡು ಮೂರು ಪಾಲು ಸಾಕು. ಅದನ್ನೇ ಮೂವತ್ತರ ಆಸುಪಾಸಿಗೆ ಏರಿಸಿ ಗಂಟೆಗಟ್ಟಲೆ ಬೇಯಿಸಿದರೆ ಕೊಂಬಿನಷ್ಟು ಗಟ್ಟಿಯಾದ ಕಪ್ಪು ವಸ್ತು ಬರುತ್ತೆ. ಅವನ ತಮ್ಮ ನೆಲ್ಸನ್ ಗುಡ್‌ಇಯರ್ 1851ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕರಿಮರ ಅಂದರೆ ಎಬೊನಿ, ಅದರ ಹಾಗೆ ಕಾಣುವುದರಿಂದ ಎಬೊನೈಟ್ ಅಂತ ಹೆಸರು. ವಲ್ಕನೈಟ್ ಅಂತಲೂ ಕರೆಯುತ್ತಾರೆ. ಅದಕ್ಕೂ ಮೊದಲು ಪೈಪಿನ ತುದಿಗೆ ಕೊಂಬು, ಅಂಬರು ಬಳಸುತ್ತಿದ್ದರು. ಹಳೇ ಇಂಕ್ ಪೆನ್ನಿನ ಮೈ ಎಬೊನೈಟು. ಮದುವೆ ಮನೆಯ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟು, ಸ್ಯಾಕ್ಸೊಫೋನುಗಳ ಬಾಯಿತುದಿಯೂ ಸಾಮಾನ್ಯವಾಗಿ ಇದೇ. ಹಲ್ಲಿಗೆ ಮೃದು, ತುಟಿಗೆ ನುಣುಪು.

ಆದರೆ ಒಂದು ದೋಷ. ಬಿಸಿಲು, ಗಾಳಿ, ತೇವ ತಾಗಿ ತಾಗಿ ಒಳಗಿನ ಗಂಧಕ ಮೇಲ್ಮೈಗೆ ಬಂದು ಬಣ್ಣ ಕೆಡಿಸುತ್ತೆ. ಕಪ್ಪು ಮೊದಲು ಮಂಕು, ಆಮೇಲೆ ಕಂದು, ಆಮೇಲೆ ಹಸಿರು. ಒರೆಸಿದರೆ ಹೋಗಲ್ಲ, ಯಾಕಂದರೆ ಅದು ಮೇಲೆ ಅಂಟಿದ್ದಲ್ಲ, ಮೈಯೇ ಹಾಗಾಗಿರೋದು. ಆ ತೆಳು ಪದರವನ್ನು ಉಜ್ಜಿ ತೆಗೆದರೆ ಕೆಳಗೆ ಹೊಸ ಕಪ್ಪು ಹಾಗೇ ಕಾದಿರುತ್ತೆ. ಈಚಿನ ಎಷ್ಟೋ ಪೈಪುಗಳಿಗೆ ಅಕ್ರಿಲಿಕ್ ಕೊಳವೆ ಬಂದಿದೆ. ಅದು ಹಸಿರಾಗಲ್ಲ. ನಮ್ಮದು ಹಳೇ ಕಾಲದ್ದು.

“ನಾಲ್ಕು ದಿನ ಇದೆ. ನೀನೇ ಮಾಡು” ಅಂದುಬಿಟ್ಟರು ಟ್ರಂಕಣ್ಣ. ನನ್ನ ಮೇಲೆ ನಂಬಿಕೆ ಇಟ್ಟು ಒಂದು ಕೆಲಸ ಪೂರ್ತಿ ಒಪ್ಪಿಸಿದ ಮೊದಲ ಮನುಷ್ಯ.

ಸೆಕೆಂಡ್ ಶೋ

ಮೊದಲ ರಾತ್ರಿಯೇ ಎಡವಟ್ಟು ಮಾಡಿದೆ. ಹಸಿರು ಸುಲಭವಾಗಿ ಬಿಡಲಿ ಅಂತ ಕುದಿಯುವ ನೀರಿಗೆ ಕೊಳವೆ ಹಾಕಿದೆ. ಐದು ನಿಮಿಷ ಬಿಟ್ಟು ನೋಡಿದರೆ ಚೆಂದವಾಗಿ ಬಾಗಿದ್ದ ಕೊಳವೆ ಸೆಟೆದು ನೆಟ್ಟಗಾಗಿದೆ! ಎಬೊನೈಟಿಗೆ ಜ್ಞಾಪಕಶಕ್ತಿ ಇದೆ ಸ್ವಾಮಿ. ಕಾರ್ಖಾನೆಯಲ್ಲಿ ಅದನ್ನು ನೆಟ್ಟಗೇ ಮಾಡಿ, ಆಮೇಲೆ ಬಿಸಿ ಮಾಡಿ ಬಗ್ಗಿಸಿರುತ್ತಾರೆ. ಮತ್ತೆ ಬಿಸಿ ತಗುಲಿದರೆ ಹುಟ್ಟಿದ ಆಕಾರಕ್ಕೆ ಓಡಿಹೋಗುತ್ತೆ.

ಟ್ರಂಕಣ್ಣ ಬೈಯಲಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟಿಗೆ ಅಂತ ಬಣ್ಣದ ಜುಂಗಿನ ತಂತಿ ಮಾರುತ್ತಾರಲ್ಲ, ಅದನ್ನು ತರಿಸಿದರು. ಅದರ ನಿಜವಾದ ಹೆಸರೇ ಪೈಪ್ ಕ್ಲೀನರ್! ಅದನ್ನು ಕೊಳವೆಯ ತೂತಿನೊಳಗೆ ತೂರಿಸಿದರು, ಬಗ್ಗಿಸುವಾಗ ಗಾಳಿ ಹೋಗುವ ದಾರಿ ಮುಚ್ಚಿಹೋಗಬಾರದಲ್ಲ. ಮತ್ತೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಒಂದು ಸೀಸೆಯ ಹೊಟ್ಟೆಗೆ ಒತ್ತಿ ಹಿಡಿದು ಬಗ್ಗಿಸಿ, ತಕ್ಷಣ ತಣ್ಣೀರಿಗೆ ಅದ್ದಿದರು. ನಿಂತಿತು.

ಆಮೇಲೆ ನನ್ನ ಕೈಗೆ ವಾಟರ್ ಪೇಪರ್ ಕೊಟ್ಟರು. ಕಾರಿಗೆ ಪೇಂಟು ಹೊಡೆಯೋರು ನೀರು ಹಾಕಿ ಉಜ್ಜುವ ಕಪ್ಪು ಕಾಗದ. ಹಿಂದೆ ನಂಬರು ಅಚ್ಚಾಗಿರುತ್ತೆ. 400, 600, 800, 1000, 1500, 2000. ನಂಬರು ಏರಿದಂತೆ ಕಾಗದ ನಯ. “400 ಹಸಿರು ತೆಗೀತದೆ. 600 ಬರೀ 400ರ ಗೀರು ತೆಗೀತದೆ. 800 ಬರೀ 600ರ ಗೀರು. ಒಂದು ಹಾರಿಸಿದ್ಯೋ, ಆ ಗೀರು ಕಡೇತನಕ ಉಳೀತದೆ. 2000 ಹಾಕಿ ವರ್ಷಗಟ್ಟಲೆ ಉಜ್ಜು, ಹೋಗಲ್ಲ. ಗೀರಿಗೇ ಹೊಳಪು ಬರ್ತದೆ, ಅಷ್ಟೇ!”

ಎರಡು ರಾತ್ರಿ 400 ಹಿಡಿದು ಉಜ್ಜಿದೆ. ನಾಲ್ಕನೇ ದಿನ ನಮ್ಮ ನೆಚ್ಚಿನ ಹೀರೋನ ಹೊಸ ಚಿತ್ರ ಬಿಡುಗಡೆ. ಅಭಿಮಾನಿ ದೇವರುಗಳೇ, ನನ್ನ ಸಂಕಟ ನಿಮಗಲ್ಲದೆ ಇನ್ಯಾರಿಗೆ ಅರ್ಥವಾದೀತು? ಬೆಳಗಿನ ಜಾವ ಐದಕ್ಕೆ ಯೂನಿಟ್ ವ್ಯಾನು. ಇನ್ನೂ ಐದು ನಂಬರು ಬಾಕಿ. ಗೆಳೆಯ ಸೆಕೆಂಡ್ ಶೋಗೆ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಹೋದೆ. ಶಿಳ್ಳೆ ಹೊಡೆದೆ, ಕುಣಿದೆ, ಗಂಟಲು ಕಟ್ಟುವ ತನಕ ಕೂಗಿದೆ. ರೂಮಿಗೆ ಬಂದಾಗ ರಾತ್ರಿ ಎರಡು.

ಕೊಳವೆ ಬೂದು ಬೂದಾಗಿ, ಗೀರು ಗೀರಾಗಿ ಕೂತಿದೆ. ಪಕ್ಕದಲ್ಲಿ ನನ್ನ ಬೂಟು, ಬೂಟಿನ ಪಕ್ಕ ಕಪ್ಪು ಪಾಲಿಷ್ ಡಬ್ಬಿ. ಒಂದು ಸಲ ನೋಡಿದೆ, ಎರಡು ಸಲ ನೋಡಿದೆ. ಬಳಿದು ಬ್ರಷ್ಷಿನಲ್ಲಿ ನಾಲ್ಕು ಸಲ ಎಳೆದೆ. ಆಹಾ! ಟ್ಯೂಬ್‌ಲೈಟ್ ಬೆಳಕಲ್ಲಿ ಇಂಗ್ಲೆಂಡಿನಿಂದ ಈಗಷ್ಟೇ ಬಂದಿಳಿದ ಹಾಗಿತ್ತು.

ಮುಂದಿನದು ನಿಮಗೆ ಗೊತ್ತು.

“ಯಾವನಯ್ಯಾ?” ಅಂದಾಗ ಇಡೀ ಸೆಟ್ಟು ಗಪ್‌ಚಿಪ್. ನನ್ನ ಕಾಲು ನಡುಗುತ್ತಿತ್ತು. ಬಾಯಿ ತೆಗೆದೆನೋ ಇಲ್ಲವೋ, ಅಷ್ಟರಲ್ಲಿ ಟ್ರಂಕಣ್ಣ ಮುಂದೆ ಬಂದು, ನೆಲದ ಮೇಲಿನ ಪೈಪು ಎತ್ತಿಕೊಂಡು, ಪಂಚೆಯ ತುದಿಯಲ್ಲಿ ಒರೆಸುತ್ತಾ ಹೇಳಿದರು: “ನಾನೇ ಸಾರ್. ತಪ್ಪಾಯ್ತು.”

ಅವರ ವಯಸ್ಸು ನೋಡಿ ಯಾರೂ ಕೂಗಾಡಲಿಲ್ಲ. ಒಂದು ಮಧ್ಯಾಹ್ನದ ಶೂಟಿಂಗ್ ನಿಂತಿತು, ಮಳೆ ಬೇರೆ ಜೋರಾಯಿತು. ಮುಂದಿನ ಶೆಡ್ಯೂಲಿಗೆ ಟ್ರಂಕಣ್ಣನಿಗೆ ಫೋನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. “ಮುದುಕನಿಗೆ ಅರಳುಮರಳು, ಪೈಪಿಗೆ ಬೂಟ್ ಪಾಲಿಷ್ ಹಾಕ್ತಾನೆ” ಅನ್ನೋ ಮಾತು ಗಾಂಧಿನಗರದ ಟೀ ಅಂಗಡಿಗಳಲ್ಲಿ ಜೋಕಾಯಿತು. ಆ ಜೋಕಿಗೆ ಒಂದು ಸಲ ನಾನೂ ನಕ್ಕಿದ್ದೇನೆ. ಬರೆಯೋದಕ್ಕೂ ನಾಚಿಕೆ ಆಗುತ್ತೆ, ಆದರೆ ನಕ್ಕಿದ್ದು ನಿಜ.

ಈ ಸಲ ನಂಬರು ಹಾರಿಸಲಿಲ್ಲ

ಆಮೇಲೆ ಪ್ರಾಪರ್ಟಿ ಕೆಲಸ ಬಿಟ್ಟೆ. ಶೂಟಿಂಗ್ ಸುದ್ದಿ ಬರೆಯೋ ಹುಡುಗನಾದೆ, ಹಾಗೇ ಪತ್ರಕರ್ತ ಅನ್ನಿಸಿಕೊಂಡೆ. ಯಾವ ಆಫೀಸಿಗೆ ಹೋದರೂ ಮೊದಲ ಪ್ರಶ್ನೆ “ಏನು ಓದಿದೀಯ?” ನನ್ನ ಉತ್ತರ ಯಾವಾಗಲೂ ಸಿದ್ಧ: “ಪಿಯುಸಿ ಸಾರ್.” ಪಾಸಾ ಅಂತ ಕೇಳದಿದ್ದರೆ ನಾನಾಗಿ ಹೇಳುತ್ತಿರಲಿಲ್ಲ. ಅದೂ ಒಂಥರಾ ಬೂಟ್ ಪಾಲಿಷ್ಷೇ ತಾನೆ?

ಹೋದ ವರ್ಷ ಒಂದು ಭಾನುವಾರ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೇ ಸಿನಿಮಾ ಪಾಟೆಪುಸ್ತಕ ಹುಡುಕುತ್ತಿದ್ದೆ. ತುಕ್ಕು ಹಿಡಿದ ಬೀಗ, ಸತ್ತ ಮೊಬೈಲುಗಳ ನಡುವೆ ಒಂದು ಪೈಪು. ಅದೇ ಹಸಿರು, ಅದೇ ವಾಸನೆ. ಐನೂರು ಅಂದ, ಮುನ್ನೂರೈವತ್ತಕ್ಕೆ ಕೊಟ್ಟ. ನಾನು ಯಾಕೆ ಕೊಂಡೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳೋದು ಕಷ್ಟವಾಗುತ್ತಿತ್ತು.

ಜೆ.ಸಿ. ರೋಡಿಗೆ ಹೋಗಿ ಆರೂ ನಂಬರಿನ ವಾಟರ್ ಪೇಪರ್ ತಂದೆ. ದಿನಾ ಸಂಜೆ ಒಂದು ಗಂಟೆ. ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಎಬೊನೈಟ್ ಪೆನ್ನೇ ಇದ್ದರೂ ನಿಮಗೆ ಉಪಯೋಗಕ್ಕೆ ಬಂದೀತು.

ಮೊದಲು ಒಳಗು. ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ಪೈಪ್ ಕ್ಲೀನರ್ ಅದ್ದಿ ತೂತಿನೊಳಗೆ ಓಡಾಡಿಸಿದೆ. ಮೊದಲನೆಯದು ಡಾಂಬರಿನ ಹಾಗೆ ಹೊರಬಂತು. ಇಪ್ಪತ್ತೆರಡನೆಯದು ಬಿಳಿಯಾಗಿ ಬಂತು. ಹೊರಗೆ ಹೊಳೆದು ಒಳಗೆ ನಾರುವ ಕೊಳವೆಯನ್ನು ಯಾರೂ ಬಾಯಿಗಿಡೋದಿಲ್ಲ.

ಆಮೇಲೆ ಹಲ್ಲಿನ ಗುರುತು. ಕುದಿಯುವ ನೀರು ಬೇಡ, ಅದರ ಪಾಠ ಆಗಿದೆ. ಲೈಟರಿನ ಉರಿಯನ್ನು ತಗ್ಗಿನ ಮೇಲೆ ದೂರದಿಂದ ಸುಮ್ಮನೆ ಹಾಯಿಸಬೇಕು, ಒಂದೇ ಕಡೆ ನಿಲ್ಲಿಸಬಾರದು. ಆಗ ಅದೇ ಜ್ಞಾಪಕಶಕ್ತಿ ನಮ್ಮ ಸಹಾಯಕ್ಕೆ ಬರುತ್ತೆ. ತಗ್ಗು ತಾನಾಗಿ ಮೇಲೇಳುತ್ತೆ! ಕಣ್ಣಾರೆ ನೋಡಿದಾಗ ಮೈ ಜುಮ್ ಅಂತು. ಎರಡು ಗುರುತು ತೀರಾ ಆಳ, ಏಳಲಿಲ್ಲ. ಇದ್ದಿಲು ಪುಡಿಯನ್ನು ಸೂಪರ್ ಗ್ಲೂಗೆ ಬೆರೆಸಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟೆ.

ಕೊಳವೆ ಮರಕ್ಕೆ ಕೂಡುವ ಜಾಗ ಬಲು ಸೂಕ್ಷ್ಮ. ಅಲ್ಲಿ ಅಂಚು ಚೂಪಾಗಿರಬೇಕು. ಕೈಲಿ ಹಿಡಿದು ಉಜ್ಜಿದರೆ ಅಂಚು ದುಂಡಾಗಿ, ಆಮೇಲೆ ಜೋಡಿಸಿದಾಗ ಸುತ್ತ ಸಂದು ಕಾಣುತ್ತೆ. ಒಮ್ಮೆ ದುಂಡಾದ ಅಂಚು ಮತ್ತೆ ಬರೋದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಿಂದ ಒಂದು ಬಿಲ್ಲೆ ಕತ್ತರಿಸಿ, ತೂತು ಮಾಡಿ, ಎರಡರ ನಡುವೆ ಸೇರಿಸಿ ಉಜ್ಜಿದೆ. ಕೊಳವೆ ಮೇಲೆ ಕಂಪನಿಯ ಗುರುತಿದ್ದರೆ ಅದನ್ನೂ ಕಾಪಾಡಿಕೊಳ್ಳಬೇಕು. ಲಂಡನ್ನಿನ ಡನ್‌ಹಿಲ್ ಪೈಪಿಗೆ ಒಂದು ಬಿಳಿ ಚುಕ್ಕೆ ಇರುತ್ತೆ. ಯಾವ ಮಗ್ಗುಲು ಮೇಲೆ ಬರಬೇಕು ಅಂತ ತೋರಿಸೋದಕ್ಕೆ ಇಟ್ಟದ್ದು, ಆಮೇಲೆ ಅದೇ ಅದರ ಗತ್ತಾಯಿತು. ನನ್ನ ಪೈಪಿಗೆ ಯಾವ ಗುರುತೂ ಇರಲಿಲ್ಲ. ನನ್ನ ಹಾಗೇ.

ಇನ್ನು 400. ಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತೆ, ಕಾಗದವೂ ಕಟ್ಟಿಕೊಳ್ಳುತ್ತೆ. ಬಟ್ಟಲಿನ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಮೂರು ಸಂಜೆ ಬರೀ 400. ರಾತ್ರಿ ಕಪ್ಪು ಅಂತ ಖುಷಿಪಟ್ಟದ್ದು ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಚಾಕೊಲೇಟ್ ಬಣ್ಣ! ಟ್ಯೂಬ್‌ಲೈಟ್ ಸುಳ್ಳು ಹೇಳುತ್ತೆ. ಬಿಸಿಲು ಹೇಳಲ್ಲ.

600ಕ್ಕೆ ಹೋಗುವ ಮೊದಲು ನೀರು ಚೆಲ್ಲಿ, ಬಟ್ಟಲು ತೊಳೆದು, ಕೈ ತೊಳೆದು, ಬಟ್ಟೆಯನ್ನೂ ಬದಲಾಯಿಸಬೇಕು. 400ರ ಒಂದೇ ಒಂದು ಹರಳು ಉಳಿದರೂ ಹೊಸ ಗೀರು ಬೀಳುತ್ತೆ. ಇನ್ನೊಂದು ಗುಟ್ಟು. 400ನ್ನು ಉದ್ದಕ್ಕೆ ಉಜ್ಜಿದ್ದರೆ 600ನ್ನು ಅಡ್ಡಕ್ಕೆ ಉಜ್ಜಬೇಕು. ಆಗ ಹಳೇ ಗೀರು ಇನ್ನೂ ಎಲ್ಲಿ ಉಳಿದಿದೆ ಅಂತ ಕಣ್ಣಿಗೆ ಕಾಣುತ್ತೆ. 800 ಮತ್ತೆ ಉದ್ದಕ್ಕೆ. ಹೀಗೇ ಮೇಲೆ ಮೇಲೆ. ಹಲ್ಲಿಗೆ ಸಿಗುವ ತುದಿಯಲ್ಲಿ ಒಂದು ಉಬ್ಬು ಇರುತ್ತೆ, ಪೈಪು ಜಾರದಿರಲಿ ಅಂತ. ಆ ಉಬ್ಬಿನ ಬುಡದ ಸಂದಿ ಅಂದರೆ ಈ ಕೆಲಸದ ನರಕ. ಬೆರಳು ಹೋಗಲ್ಲ. ಐಸ್‌ಕ್ರೀಮ್ ಕಡ್ಡಿಗೆ ಕಾಗದ ಸುತ್ತಿ ತಿಕ್ಕಬೇಕು.

1000 ದಾಟುವ ತನಕ ಕೊಳವೆ ಸ್ಲೇಟಿನ ಬಣ್ಣದಲ್ಲೇ ಇರುತ್ತೆ. ಅಲ್ಲೇ ಎಲ್ಲರಿಗೂ ಸೋಲು ಬರೋದು. “ಇಷ್ಟು ದಿನ ಉಜ್ಜಿದರೂ ಏನೂ ಆಗಲಿಲ್ಲವಲ್ಲ” ಅನ್ನಿಸುತ್ತೆ. ನನಗೂ ಅನ್ನಿಸಿತು. ಪಾಲಿಷ್ ಡಬ್ಬಿ ಮನೆಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಲಿ, ಒಂದು ಸಲ ಅದರ ಕಡೆ ನೋಡಿದೆ ಕೂಡ. 1500ರ ಸಂಜೆ ಮೊದಲ ಸಲ ಅದರ ಮೈಯಲ್ಲಿ ಕಿಟಕಿಯ ನೆರಳು ಮೂಡಿತು. 2000 ಆದಮೇಲೆ ಕಿಟಕಿಯ ಸರಳುಗಳನ್ನು ಎಣಿಸಬಹುದಿತ್ತು. ಚೆನ್ನಾಗಿ ತೊಳೆದು, ಹಳೇ ಪಂಚೆಯ ಮೆತ್ತನೆ ಬಟ್ಟೆಯಿಂದ ತಿಕ್ಕಿ, ಬೆರಳ ತುದಿಯಲ್ಲಿ ಚೂರೇ ಚೂರು ಜೇನುಮೇಣ ಸವರಿ, ಬಿಸಿಯಾಗುವ ಹಾಗೆ ಮತ್ತೆ ತಿಕ್ಕಿದೆ. ಹತ್ತೊಂಬತ್ತು ಸಂಜೆ ಹಿಡಿಯಿತು. ಬಣ್ಣ ಅಂತ ಹೊರಗಿನಿಂದ ಏನೂ ಬಳಿದಿರಲಿಲ್ಲ. ಕಪ್ಪು ಅದರದ್ದೇ.

ಮೂಗು, ಉಗುರು, ತುಟಿ

ಟ್ರಂಕಣ್ಣ ಈಗ ಶ್ರೀರಾಮಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹುಡುಕಿಕೊಂಡು ಹೋದೆ. ಕಣ್ಣಿಗೆ ಪೊರೆ ಬಂದಿದೆ, ಒಂದು ಕಣ್ಣಿನ ಆಪರೇಷನ್ ಆಗಿದೆ. ಧ್ವನಿಯಲ್ಲೇ ಗುರುತು ಹಿಡಿದರು. “ಏನೋ ಮರಿ, ಪೇಪರ್‌ನೋನಾದ್ಯಂತೆ?” ಮೂರು ಟ್ರಂಕುಗಳಲ್ಲಿ ಒಂದು ಮಾತ್ರ ಉಳಿದಿತ್ತು, ಮಂಚದ ಕೆಳಗೆ. ಮೊಮ್ಮಗಳ ಸ್ಕೂಲ್ ಪುಸ್ತಕ ಅದರೊಳಗೆ.

ಪೈಪನ್ನು ಕೈಗೆ ಕೊಟ್ಟೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ, ಎಲ್ಲ ಮರೆತುಹೋಯಿತು. “ಅಣ್ಣಾ, ಅವತ್ತು ಪಾಲಿಷ್ ಹಾಕಿದ್ದು ನಾನು. ಸೆಕೆಂಡ್ ಶೋಗೆ ಹೋಗಿದ್ದೆ” ಅಂದೆ.

“ಗೊತ್ತು” ಅಂದರು.

“ಗೊತ್ತಾ?”

“ವ್ಯಾನಲ್ಲೇ ವಾಸನೆ ಬಂತು ಕಣೋ. ಐವತ್ತು ವರ್ಷ ಸಾಮಾನು ಮೂಸಿದ ಮೂಗು ಇದು. ಬೂಟ್ ಪಾಲಿಷ್ ಗೊತ್ತಾಗಲ್ವಾ? ತೊಳೆದು ಕೊಡೋದಕ್ಕೆ ಟೈಮಿತ್ತು. ನನಗೂ ಸೋಮಾರಿತನ. ಒಂದು ಶಾಟು ತಾನೆ, ದಾಟಿಹೋಗುತ್ತೆ ಅಂದ್ಕೊಂಡೆ. ಟ್ರಂಕಿಂದ ಆಚೆ ಹೋದ ಸಾಮಾನಿಗೆ ನಾನೇ ಜವಾಬ್ದಾರಿ. ನಿನ್ನ ಹೆಸರು ಹೇಳಿದ್ರೆ ಆ ಶಾಟು ವಾಪಸ್ ಬರ್ತಿತ್ತಾ?”

ನನಗೆ ಅಳು ಬಂತು. ಅವರು ಅದನ್ನು ನೋಡಲಿಲ್ಲ, ಅಥವಾ ನೋಡದ ಹಾಗೆ ಇದ್ದರು. ಗಮನವೆಲ್ಲ ಪೈಪಿನ ಮೇಲೆ. ಮೊದಲು ಮೂಗಿನ ಹತ್ತಿರ ಹಿಡಿದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಕೊಳವೆಯ ಉದ್ದಕ್ಕೂ ನಿಧಾನವಾಗಿ ಎಳೆದರು. ಕಡೆಗೆ ತುಟಿಗೆ ತಾಗಿಸಿ ಕಣ್ಣು ಮುಚ್ಚಿದರು. ಸೇದುವವರ ಹಾಗಲ್ಲ, ವೈದ್ಯರು ನಾಡಿ ಹಿಡಿಯುವ ಹಾಗೆ.

“ಕಣ್ಣಿಗೆ ಹೊಳೆಯೋ ಹಾಗೆ ಯಾರು ಬೇಕಾದ್ರೂ ಮಾಡ್ತಾರೆ” ಅಂದರು. “ಬಾಯಿಗೆ ಹೋಗೋ ವಸ್ತು, ತುಟಿ ಒಪ್ಪಬೇಕು. ಒಪ್ಪಿದೆ. ಭೇಷ್.”

ನಾನು ಉಬ್ಬಿಹೋದೆ. ಅಷ್ಟರಲ್ಲಿ ಉಗುರು ಹಲ್ಲಿಡುವ ತುದಿಯ ಬುಡದಲ್ಲಿ ನಿಂತಿತು. ಮತ್ತೆ ಎಳೆದರು. ಮತ್ತೆ ನಿಂತಿತು.

“ಇಲ್ಲಿ 400 ಹಂಗೇ ಇದೆಯಲ್ಲೋ!”

ಬಿಸಿಲಿಗೆ ಹಿಡಿದು ನೋಡಿದೆ. ಹೌದು, ಸಂದಿಯಲ್ಲಿ ಎರಡು ಗೀರು. ಪೊರೆ ಬಂದ ಕಣ್ಣಿನ ಮನುಷ್ಯನಿಗೆ ಸಿಕ್ಕದ್ದು ನನ್ನ ಇಪ್ಪತ್ತೆಂಟರ ಕಣ್ಣಿಗೆ ಸಿಕ್ಕಿರಲಿಲ್ಲ. “ಪರವಾಗಿಲ್ಲ ಬಿಡಿ ಅಣ್ಣ, ಯಾರಿಗೆ ಕಾಣುತ್ತೆ” ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಚೀಲದಲ್ಲಿ ಕಾಗದ ಇತ್ತು. ಅವರ ಮಗಳು ಒಂದು ಲೋಟದಲ್ಲಿ ಕಾಫಿ, ಇನ್ನೊಂದು ಬಟ್ಟಲಿನಲ್ಲಿ ನೀರು ತಂದಿಟ್ಟರು. ಮನೆ ಮೆಟ್ಟಿಲ ಮೇಲೆ ಕೂತು ಮತ್ತೆ 600ರಿಂದ ಶುರು ಮಾಡಿದೆ. ಟ್ರಂಕಣ್ಣ ಪಕ್ಕದಲ್ಲಿ ಕೂತು, ಮದ್ರಾಸಿನಲ್ಲಿ ಮೊದಲ ಸಲ ‘ಜೇಡರ ಬಲೆ’ ನೋಡಿದ ಕತೆ ಹೇಳಿದರು. 1968ರ ಚಿತ್ರ, ಸಿ.ಐ.ಡಿ. 999 ಆಗಿ ಅಣ್ಣಾವ್ರು. “ಅವತ್ತು ನಾನೂ ಕೆಲಸ ಬಿಟ್ಟು ಸೆಕೆಂಡ್ ಶೋಗೇ ಹೋಗಿದ್ದೆ” ಅಂತ ನಕ್ಕರು. 2000 ಮುಗಿಯುವಾಗ ಬೀದಿದೀಪ ಹತ್ತಿತ್ತು. ಉಗುರು ಎಳೆದರು. ಎಲ್ಲೂ ನಿಲ್ಲಲಿಲ್ಲ.

ಆ ಪೈಪು ಈಗ ಅವರ ಮಂಚದ ಕೆಳಗಿನ ಟ್ರಂಕಿನಲ್ಲಿ, ಮೊಮ್ಮಗಳ ಪುಸ್ತಕಗಳ ಪಕ್ಕದಲ್ಲಿ, ಬಿಸಿಲು ತಾಗದ ಹಾಗೆ ಬಟ್ಟೆಯಲ್ಲಿ ಸುತ್ತಿ ಮಲಗಿದೆ. ಯಾವುದಾದರೂ ನಿರ್ದೇಶಕರಿಗೆ ದೊರೆಯ ಪೈಪು ಬೇಕಿದ್ದರೆ ಪತ್ರಿಕೆಗೆ ಬರೆಯಲಿ, ದಾರಿ ತೋರಿಸುತ್ತೇನೆ. ಪೈಪಿನ ಜೊತೆ ಟ್ರಂಕಣ್ಣನೂ ಸೆಟ್ಟಿಗೆ ಬರಬೇಕು ಅನ್ನೋದೊಂದೇ ಷರತ್ತು.

ಅಂದ ಹಾಗೆ, ಮೊನ್ನೆ ಒಂದು ಪತ್ರಿಕಾ ಕಚೇರಿಯಲ್ಲಿ “ಏನು ಓದಿದೀಯ?” ಅಂತ ಕೇಳಿದರು. “ಪಿಯುಸಿ ಅರ್ಧಕ್ಕೆ ಬಿಟ್ಟೆ ಸಾರ್” ಅಂದೆ. ಅವರು ತಲೆ ಎತ್ತಿ ನೋಡಿ, “ಸರಿ, ಏನು ಬರೆದು ತಂದಿದೀಯ ತೋರಿಸು” ಅಂದರು.